ಎಸಿ ಕಾಂಟ್ರ್ಯಾಕ್ಟರ್‌ಗೆ ಕೆಲಸ ತರುವ ದಾರಿಗಳು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಏಪ್ರಿಲ್‌ನಲ್ಲಿ ಎಸಿ ಕೆಲಸದವರ ಫೋನ್ ಸುಮ್ಮನಿರುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ 28ರಂದು ಮತ್ತೆ 38.5 ಡಿಗ್ರಿ. ಅಂಥ ವಾರಗಳಲ್ಲಿ ಜಾಹೀರಾತು ಕೊಟ್ಟರೂ ಕೆಲಸ ಬರುತ್ತದೆ, ಕೊಡದಿದ್ದರೂ ಬರುತ್ತದೆ. ಆಗ ಕಮ್ಮಿ ಬೀಳುವುದು ಹುಡುಗರು ಮತ್ತು ಟೈಮು. ಜುಲೈ ಬಂತೆಂದರೆ ಕಥೆ ಉಲ್ಟಾ. ಮಳೆ ಹಿಡಿದಿರುತ್ತದೆ, ಹುಡುಗರಿಗೆ ಸಂಬಳ ಕೊಡಲೇಬೇಕು, ಫೋನ್ ಮಾತ್ರ ಬರುವುದಿಲ್ಲ.

ಆದರೂ ಹೆಚ್ಚಿನವರು ಮಾರ್ಕೆಟಿಂಗ್‌ಗೆ ದುಡ್ಡು ಸುರಿಯುವುದು ಏಪ್ರಿಲ್‌ನಲ್ಲೇ. ಎಲ್ಲರೂ ಹುಡುಕುತ್ತಿರುವ ಹೊತ್ತು ಅಲ್ವಾ, ಈಗ ಕಾಣಿಸಿಕೊಳ್ಳಬೇಕು ಅನ್ನುವ ಲೆಕ್ಕ. ನನಗೆ ಇದು ಸರಿ ಅನ್ನಿಸುವುದಿಲ್ಲ. ಎರಡರಿಂದ ಹತ್ತು ಜನ ಕೆಲಸಗಾರರಿರುವ ಎಸಿ, ಗೀಸರ್, ಸೋಲಾರ್ ವಾಟರ್ ಹೀಟರ್ ಕೆಲಸದವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಯಾವ ದಾರಿಯನ್ನು ಅಳೆಯುವಾಗಲೂ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಇಲ್ಲಿಂದ ಬಂದ ಗ್ರಾಹಕರು ಮುಂದಿನ ವರ್ಷ ಯಾರಿಗೆ ಫೋನ್ ಮಾಡುತ್ತಾರೆ, ನಿಮಗೋ, ನಿಮ್ಮನ್ನು ಕಳಿಸಿದ ಆ್ಯಪ್‌ಗೋ? ಈ ದಾರಿ ಕೆಲಸ ತರುವುದು ಯಾವ ತಿಂಗಳಲ್ಲಿ?

ಗೂಗಲ್ ಮ್ಯಾಪ್ ಪುಟ ಮತ್ತು ಗೂಗಲ್ ಜಾಹೀರಾತು

ಇವೆರಡನ್ನೂ ಒಂದೇ ಅಂದುಕೊಂಡವರು ತುಂಬಾ ಜನ. ಮ್ಯಾಪ್‌ನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್‌ಗೆ ದುಡ್ಡಿಲ್ಲ. ಜಾಹೀರಾತಿಗೆ ಪ್ರತಿ ಕ್ಲಿಕ್‌ಗೂ ದುಡ್ಡು. ಪ್ರೊಫೈಲ್ ನಿಧಾನವಾಗಿ ಬೆಳೆಯುತ್ತದೆ, ಒಮ್ಮೆ ಬೆಳೆದರೆ ವರ್ಷಗಟ್ಟಲೆ ಕೆಲಸ ಕೊಡುತ್ತದೆ. ಜಾಹೀರಾತು ಇವತ್ತು ಹಾಕಿದರೆ ನಾಳೆಯೇ ಕಾಲ್ ತರಬಹುದು, ದುಡ್ಡು ನಿಂತ ಕ್ಷಣ ಅದೂ ನಿಲ್ಲುತ್ತದೆ.

ಮೊದಲು ಪ್ರೊಫೈಲ್. ಇದನ್ನು ಮಾಡದೆ ಬೇರೆ ಯಾವುದಕ್ಕೂ ಒಂದು ರೂಪಾಯಿ ಹಾಕಬೇಡಿ. ಅಂಗಡಿ ಇಲ್ಲದೆ ಮನೆಯಿಂದಲೇ ಕೆಲಸ ಮಾಡುವವರೂ ಮಾಡಿಸಬಹುದು. ವಿಳಾಸ ಮುಚ್ಚಿಟ್ಟು, ಯಾವ ಯಾವ ಏರಿಯಾಗೆ ಹೋಗುತ್ತೀರಿ ಅಂತ 20ರವರೆಗೆ ಹೆಸರು ಕೊಡಬಹುದು. ಯಾರನ್ನು ಮೇಲೆ ತೋರಿಸಬೇಕು ಅಂತ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ: ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಎಷ್ಟು ಹೊಂದುತ್ತದೆ, ನೀವು ಎಷ್ಟು ದೂರದಲ್ಲಿದ್ದೀರಿ, ನಿಮ್ಮ ಹೆಸರು ಎಷ್ಟು ಬಳಕೆಯಲ್ಲಿದೆ. ದೂರ ನಿಮ್ಮ ಕೈಯಲ್ಲಿಲ್ಲ. ಯಲಹಂಕದಲ್ಲಿ ಕೂತು ಜಯನಗರದ ಹುಡುಕಾಟದಲ್ಲಿ ಮೇಲೆ ಬರಬೇಕು ಅಂತ ಒದ್ದಾಡಬೇಡಿ. ಸುತ್ತಲಿನ ನಾಲ್ಕೈದು ಬಡಾವಣೆಗಳಲ್ಲಿ ಹೆಸರು ಗಟ್ಟಿಯಾದರೆ ಸಾಕು. ಹುಡುಗರ ಪೆಟ್ರೋಲೂ ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತೂ ಉಳಿಯುತ್ತವೆ.

ಹೆಸರಿನ ಜಾಗದಲ್ಲಿ ‘ಬೆಸ್ಟ್ ಎಸಿ ಸರ್ವೀಸ್ ರಿಪೇರಿ ಇನ್‌ಸ್ಟಲೇಷನ್ ಬೆಂಗಳೂರು’ ಅಂತೆಲ್ಲ ತುರುಕುವವರಿದ್ದಾರೆ. ಅದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಸಸ್ಪೆಂಡ್ ಆಗಬಹುದು. ಬೋರ್ಡಿನಲ್ಲಿ ಇರುವ ಹೆಸರೇ ಅಲ್ಲೂ ಇರಲಿ. ರಿವ್ಯೂಗೆ ಡಿಸ್ಕೌಂಟ್ ಕೊಡುವುದೂ ನಿಯಮಕ್ಕೆ ವಿರುದ್ಧ. ಅದರ ಅಗತ್ಯವೂ ಇಲ್ಲ. ಕೆಲಸ ಮುಗಿದು, ಎಸಿ ತಣ್ಣಗೆ ಗಾಳಿ ಬಿಡಲು ಶುರುಮಾಡಿದ ಆ ಐದು ನಿಮಿಷದಲ್ಲಿ ಹುಡುಗ ಕ್ಯೂಆರ್ ಕಾರ್ಡ್ ತೋರಿಸಿ ಕೇಳಿದರೆ ಹೆಚ್ಚಿನವರು ಬರೆಯುತ್ತಾರೆ. ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದರೆ ಮರೆತುಬಿಡುತ್ತಾರೆ.

ಫೋಟೋ ಹಾಕುವಾಗ ನಗುತ್ತಿರುವ ವಿದೇಶಿ ಟೆಕ್ನಿಷಿಯನ್ನಿನ ರೆಡಿಮೇಡ್ ಚಿತ್ರ ಬೇಡ. ನಿಮ್ಮದೇ ಕೆಲಸ ತೋರಿಸಿ. ನೆಟ್ಟಗೆ ಬಗ್ಗಿಸಿದ ಕಾಪರ್ ಪೈಪ್, ಗೋಡೆಗೆ ಗಟ್ಟಿಯಾಗಿ ಕೂತ ಔಟ್‌ಡೋರ್ ಸ್ಟ್ಯಾಂಡ್, ಇನ್‌ಸ್ಟಲೇಷನ್ ವೇಳೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹಾಕಿರುವುದು. ಕೆಲಸ ಗೊತ್ತಿರುವ ಗ್ರಾಹಕರು ಆ ಪಂಪ್ ನೋಡಿಯೇ ನಿಮ್ಮನ್ನು ಆರಿಸುತ್ತಾರೆ.

ಜಾಹೀರಾತಿನ ವಿಷಯ ಬೇರೆ. ಇಲ್ಲಿ ದುಡ್ಡು ಸೋರುವ ತೂತುಗಳು ಜಾಸ್ತಿ. ‘ಎಸಿ’ ಅಂತ ಹುಡುಕುವವರಲ್ಲಿ ಕಾರ್ ಎಸಿ ರಿಪೇರಿ ಬೇಕಾದವರು, ಎಸಿ ಬಸ್ ಟಿಕೆಟ್ ಬೇಕಾದವರು, ಎಸಿ ಮೆಕ್ಯಾನಿಕ್ ಕೋರ್ಸ್ ಹುಡುಕುವವರು, ಸೆಕೆಂಡ್ ಹ್ಯಾಂಡ್ ಎಸಿ ಕೊಳ್ಳುವವರು ಎಲ್ಲರೂ ಇರುತ್ತಾರೆ. ಇವರೆಲ್ಲ ನಿಮ್ಮ ಜಾಹೀರಾತಿನ ಮೇಲೆ ಒತ್ತಿದರೆ ಬಿಲ್ ನಿಮಗೆ. ಕಾರ್, ಬಸ್, ಕೋರ್ಸ್, ಜಾಬ್ ಇಂಥ ಪದಗಳನ್ನು ನೆಗೆಟಿವ್ ಕೀವರ್ಡ್ (ಈ ಪದ ಇದ್ದರೆ ಜಾಹೀರಾತು ತೋರಿಸಬೇಡ ಅನ್ನುವ) ಪಟ್ಟಿಗೆ ಮೊದಲ ದಿನವೇ ಸೇರಿಸಬೇಕು. ಇನ್ನೊಂದು ಸೆಟ್ಟಿಂಗ್ ಇದೆ. ನೀವು ಆರಿಸಿದ ಊರಿನಲ್ಲಿ ಇರುವವರಿಗಷ್ಟೇ ತೋರಿಸು ಅಂತ ಬದಲಾಯಿಸದಿದ್ದರೆ, ಆ ಊರಿನ ಬಗ್ಗೆ ಎಲ್ಲೋ ಕೂತು ಹುಡುಕಿದವರಿಗೂ ಜಾಹೀರಾತು ಹೋಗುತ್ತದೆ. ಮೈಸೂರಿನ ಕಾಂಟ್ರ್ಯಾಕ್ಟರ್‌ಗೆ ದೆಹಲಿಯ ಕ್ಲಿಕ್ ಯಾಕೆ? ಫೋನ್ ಎತ್ತುವವರು ಇಲ್ಲದ ಹೊತ್ತಿನಲ್ಲಿ ಜಾಹೀರಾತು ಓಡದ ಹಾಗೆ ಟೈಮಿಂಗನ್ನೂ ಕಟ್ಟಿಡಿ.

ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಅನ್ನುವ ಹಾಗೆ ಜಾಹೀರಾತು ಬರೆಯುವುದನ್ನು ಕೆಲವರು ಜಾಣತನ ಅಂದುಕೊಂಡಿದ್ದಾರೆ. ಅದು ಗ್ರಾಹಕರಿಗೆ ಮಾಡುವ ಮೋಸ. ದಯವಿಟ್ಟು ಮಾಡಬೇಡಿ. ‘ಎಲ್ಲ ಕಂಪನಿಗಳ ಎಸಿ ರಿಪೇರಿ’ ಅಂತ ಬರೆದರೆ ನಿಜವೂ ಹೌದು, ಕೆಲಸವೂ ಬರುತ್ತದೆ.

ಲೀಡ್ (ಗ್ರಾಹಕರ ವಿಚಾರಣೆ) ಮಾರುವ ಪೋರ್ಟಲ್‌ಗಳು

ಜಸ್ಟ್‌ಡಯಲ್, ಇಂಡಿಯಾಮಾರ್ಟ್, ಸುಲೇಖಾ ಹೆಸರು ಕೇಳದವರಿಲ್ಲ. ಮೊದಲೆರಡೂ 1996ರಲ್ಲಿ ಶುರುವಾದವು. ಇಂಡಿಯಾಮಾರ್ಟ್‌ನಲ್ಲಿ ಆಫೀಸು, ಫ್ಯಾಕ್ಟರಿ, ಸ್ಕೂಲುಗಳ ದೊಡ್ಡ ವಿಚಾರಣೆ ಜಾಸ್ತಿ. ಡಕ್ಟ್ ಎಸಿ, ವಿಆರ್‌ಎಫ್ (ಒಂದೇ ಔಟ್‌ಡೋರ್ ಯೂನಿಟ್ಟಿಗೆ ಹಲವು ಇಂಡೋರ್ ಯೂನಿಟ್ ಜೋಡಿಸುವ ಎಸಿ), ಕೋಲ್ಡ್ ರೂಮ್ ಮಾಡುವವರು ಅಲ್ಲಿ ಇರಬಹುದು. ಮನೆಯ ಸ್ಪ್ಲಿಟ್ ಎಸಿ ಸರ್ವೀಸ್ ಮಾಡುವವರಿಗೆ ಅಲ್ಲಿ ಅಂಥ ಲಾಭವಿಲ್ಲ.

ಇಂಥ ಪೋರ್ಟಲ್‌ಗಳ ಮೂಲ ತೊಂದರೆ ಒಂದೇ. ಒಬ್ಬರ ವಿಚಾರಣೆ ಹಲವು ಕಾಂಟ್ರ್ಯಾಕ್ಟರ್‌ಗಳಿಗೆ ಹೋಗುತ್ತದೆ. ಯಾರು ಮೊದಲು ಫೋನ್ ಮಾಡಿದರೋ, ಯಾರು ಕಮ್ಮಿ ರೇಟು ಹೇಳಿದರೋ ಅವರಿಗೆ ಕೆಲಸ. ಅಲ್ಲಿಂದ ರೇಟಿನ ಜಗಳ ಶುರು. 2 ನಿಮಿಷದಲ್ಲಿ ವಾಪಸ್ ಫೋನ್ ಮಾಡುವ ಒಬ್ಬರು ನಿಮ್ಮ ಹತ್ತಿರ ಇದ್ದರೆ ಮಾತ್ರ ಇದು ಉಪಯೋಗ. ನೀವೇ ಏಣಿ ಮೇಲೆ ನಿಂತು ಕೆಲಸ ಮಾಡುವವರಾದರೆ ನಿಮಗೆ ಬಂದ ಲೀಡ್‌ಗಳು ಇನ್ನೊಬ್ಬರ ಪಾಲಾಗುತ್ತವೆ.

ಇಲ್ಲಿ ಒಂದು ಲೆಕ್ಕ ಹಾಕೋಣ. ಅಂಕಿಗಳು ಕಲ್ಪನೆಯವು, ನಿಮ್ಮ ಅಂಕಿ ಹಾಕಿಕೊಳ್ಳಿ. ತಿಂಗಳಿಗೆ 12,000 ರೂಪಾಯಿ ಕೊಟ್ಟಿರಿ. 60 ಕಾಲ್ ಬಂತು. ಒಂದು ಕಾಲ್‌ಗೆ 200 ರೂಪಾಯಿ, ಅಗ್ಗವೇ ಅನ್ನಿಸುತ್ತದೆ. ಆದರೆ ಅದರಲ್ಲಿ ರೇಟು ಕೇಳಿ ಬಿಟ್ಟವರು, ಆಗಲೇ ಬೇರೆಯವರನ್ನು ಕರೆಸಿಕೊಂಡವರು, ಫೋನೇ ಎತ್ತದವರು ಹೋಗಿ ಕೆಲಸ ಆಗಿದ್ದು 10. ಈಗ ಒಂದು ಕೆಲಸಕ್ಕೆ 1,200 ರೂಪಾಯಿ. ಆ ಕೆಲಸ ನೀರು ಹಾಕಿ ತೊಳೆಯುವ 600 ರೂಪಾಯಿಯ ವಾಟರ್ ಸರ್ವೀಸ್ ಆಗಿದ್ದರೆ ಕೈಯಿಂದ ಹೋಯಿತು. ಅದೇ ಹತ್ತರಲ್ಲಿ ಮೂವರು ವರ್ಷದ ಮೇಂಟೆನೆನ್ಸ್ ಒಪ್ಪಂದಕ್ಕೆ, ಅಂದರೆ ಎಎಂಸಿಗೆ ಬಂದರೆ ದುಡ್ಡು ದುಡಿಯಿತು. ಹಾಗಾಗಿ ಪೋರ್ಟಲ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ, ಬಂದ ಗ್ರಾಹಕರನ್ನು ಉಳಿಸಿಕೊಳ್ಳುವ ಏರ್ಪಾಡು ನಿಮ್ಮಲ್ಲಿ ಇದೆಯೋ ಇಲ್ಲವೋ ಅನ್ನುವುದನ್ನು ಮೊದಲು ನೋಡಿ. ಅದಿಲ್ಲದೆ ಪ್ಯಾಕೇಜ್ ತಗೊಂಡರೆ ಪ್ರತಿ ತಿಂಗಳೂ ಹೊಸಬರನ್ನು ಕೊಳ್ಳುತ್ತಲೇ ಇರಬೇಕು.

ಆ್ಯಪ್ ಕೆಳಗೆ ಕೆಲಸ, ಕಂಪನಿ ಕೆಳಗೆ ಕೆಲಸ

ಅರ್ಬನ್ ಕಂಪನಿ 2014ರಲ್ಲಿ ಅರ್ಬನ್‌ಕ್ಲ್ಯಾಪ್ ಅನ್ನುವ ಹೆಸರಿನಲ್ಲಿ ಶುರುವಾಯಿತು. ದೊಡ್ಡ ಊರುಗಳಲ್ಲಿ ಈಗ ಮನೆ ಎಸಿ ಸರ್ವೀಸ್‌ಗೆ ಅನೇಕರು ಮೊದಲು ತೆರೆಯುವುದು ಅಂಥ ಆ್ಯಪ್‌ಗಳನ್ನೇ. ಒಬ್ಬನೇ ಟೆಕ್ನಿಷಿಯನ್, ಸ್ವಂತ ಬೈಕು, ಈಗಷ್ಟೇ ಐಟಿಐ ಮುಗಿಸಿದವನು, ಅಂಥವನಿಗೆ ಇದು ಒಳ್ಳೆಯ ಶುರು. ಕೆಲಸ ಹುಡುಕುವ ತಲೆನೋವಿಲ್ಲ. ರೇಟು ಆ್ಯಪ್‌ನದ್ದು, ಕಮಿಷನ್ ಆ್ಯಪ್‌ಗೆ, ಗ್ರಾಹಕರೂ ಆ್ಯಪ್‌ನವರೇ. ಐದು ಜನ ಹುಡುಗರನ್ನು ಸಾಕುವ ಕಾಂಟ್ರ್ಯಾಕ್ಟರ್‌ಗೆ ಇದು ಕಷ್ಟ. ನನ್ನ ಮೊದಲ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟ. ಮುಂದಿನ ವರ್ಷ ಫೋನ್ ಬರುವುದು ನಿಮಗಲ್ಲ.

ಎಸಿ ಕಂಪನಿಗಳ ಅಧಿಕೃತ ಸರ್ವೀಸ್ ಫ್ರಾಂಚೈಸಿ ತಗೊಳ್ಳುವುದೂ ಹೊರಗಿನಿಂದ ಹೀಗೇ ಕಾಣುತ್ತದೆ. ವ್ಯತ್ಯಾಸ ಇರುವುದು ಕಲಿಕೆಯಲ್ಲಿ. ಹೊಸ ಇನ್ವರ್ಟರ್ ಬೋರ್ಡು, ಎರರ್ ಕೋಡ್, ವಿಆರ್‌ಎಫ್ ಪೈಪಿಂಗ್, ಆರ್-32 ಮತ್ತು ಆರ್-290 ಗ್ಯಾಸ್ ಇವುಗಳ ತರಬೇತಿ ಕಂಪನಿಯಿಂದ ಸಿಗುತ್ತದೆ. ಈ ಎರಡು ಗ್ಯಾಸ್‌ಗಳೂ ಹತ್ತಿಕೊಳ್ಳುವಂಥವು. ಆರ್-32 ಸ್ವಲ್ಪ ಮಟ್ಟಿಗೆ, ಆರ್-290 ಅಂದರೆ ಪ್ರೋಪೇನ್, ಅದು ಜೋರಾಗಿಯೇ. ಹತ್ತಿಕೊಳ್ಳದ ಹಳೆಯ ಆರ್-22 ಗ್ಯಾಸಿನ ಅಭ್ಯಾಸದಲ್ಲಿ ಬ್ರೇಜಿಂಗ್ (ಬೆಂಕಿ ಹಿಡಿದು ಪೈಪ್ ಬೆಸೆಯುವುದು) ಮಾಡಲು ಹೋದರೆ ಅಪಾಯ. ತರಬೇತಿ ಪಡೆದ ಹುಡುಗರಿದ್ದಾರೆ ಅನ್ನುವುದೇ ದೊಡ್ಡ ಪ್ರಚಾರ, ಅದನ್ನು ಬೋರ್ಡಿನಲ್ಲಿ ಬರೆಯಿರಿ. ಆದರೆ ವಾರಂಟಿ ಕಾಲ್‌ಗೆ ಕಂಪನಿ ಕೊಡುವ ರೇಟು ನಿಗದಿ ಮಾಡಿದ್ದು, ದುಡ್ಡು ಕೈಗೆ ಬರಲು ಟೈಮು ಬೇಕು. ವ್ಯವಹಾರದ ಅರ್ಧಕ್ಕಿಂತ ಜಾಸ್ತಿ ಒಂದೇ ಕಂಪನಿಯ ಮೇಲೆ ನಿಲ್ಲದ ಹಾಗೆ ನೋಡಿಕೊಳ್ಳಿ.

ಹಳೆಯ ಗ್ರಾಹಕರ ಪಟ್ಟಿ

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಬೆಲೆ ಇರುವುದು ಇದಕ್ಕೆ. ಕಮ್ಮಿ ಗಮನ ಸಿಗುವುದೂ ಇದಕ್ಕೇ.

ಪ್ರತಿ ಕೆಲಸದ ನಂತರ ಆರು ವಿಷಯ ಬರೆದಿಡಿ: ಹೆಸರು, ನಂಬರ್, ಏರಿಯಾ, ಮಿಷನ್ನಿನ ಟನ್ ಮತ್ತು ಮಾಡೆಲ್, ಗ್ಯಾಸ್ ಯಾವುದು, ಸರ್ವೀಸ್ ಆದ ತಾರೀಕು. ನೋಟ್‌ಬುಕ್ ಆದರೂ ಸರಿ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ, ಅದರಲ್ಲಿ ಗ್ರಾಹಕರಿಗೆ ಲೇಬಲ್ ಹಚ್ಚಬಹುದು. ಒಂದು ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಹಾಗಾಗಿ ಮನೆಯಿಂದ ಹೊರಡುವ ಮೊದಲು ನಂಬರ್ ಸೇವ್ ಮಾಡಿಸಿ. ಇಂಡೋರ್ ಯೂನಿಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಸ್ಟಿಕ್ಕರ್ ಅಂಟಿಸಿ. ನಿಮ್ಮ ಹೆಸರು, ನಂಬರ್, ಹಿಂದಿನ ಸರ್ವೀಸ್ ತಾರೀಕು. ಎಸಿ ಕೆಟ್ಟಾಗ ಮನೆಯವರು ಮೊದಲು ನೋಡುವುದು ಆ ಎಸಿಯನ್ನೇ ಅಲ್ವಾ? ಕೆಲವೇ ರೂಪಾಯಿಯ ಸ್ಟಿಕ್ಕರ್ ಅಲ್ಲಿ ವರ್ಷಗಟ್ಟಲೆ ಇರುತ್ತದೆ. ಬಾಡಿಗೆಯವರು ಬದಲಾದರೂ ಎಸಿ ಅಲ್ಲೇ, ಸ್ಟಿಕ್ಕರ್ ಅಲ್ಲೇ.

ಈ ಪಟ್ಟಿ ಇದ್ದರೆ ಸೀಸನ್ ನಿಮ್ಮ ಕೈಗೆ ಬರುತ್ತದೆ. ಫೆಬ್ರವರಿಯಲ್ಲೇ ಮೆಸೇಜ್ ಹಾಕಿ: ಬೇಸಿಗೆಗೆ ಮುಂಚೆ ಸರ್ವೀಸ್ ಮಾಡಿಸಿಕೊಂಡರೆ ಇಷ್ಟು ಕಮ್ಮಿ. ಏಪ್ರಿಲ್‌ನ ನೂಕುನುಗ್ಗಲಿನ ಅರ್ಧ ಕೆಲಸ ಫೆಬ್ರವರಿ, ಮಾರ್ಚ್‌ಗೆ ಹಂಚಿಹೋಗುತ್ತದೆ. ನವೆಂಬರ್‌ನಲ್ಲಿ ಅದೇ ಜನಕ್ಕೆ ಗೀಸರ್, ಸೋಲಾರ್ ಬಗ್ಗೆ ಕೇಳಿ. ಬೆಂಗಳೂರು, ಕೋಲಾರ ಕಡೆ ಬೋರ್‌ವೆಲ್ ನೀರು ಗಡಸು. ಗೀಸರಿನ ಎಲಿಮೆಂಟಿಗೂ ಸೋಲಾರ್ ಟ್ಯಾಂಕಿಗೂ ಸುಣ್ಣ ಕಟ್ಟುತ್ತದೆ, ಬಿಸಿನೀರು ಕಮ್ಮಿಯಾಗುತ್ತದೆ. ಅದನ್ನು ತೆಗೆಯುವ ಕೆಲಸ ಚಳಿಗಾಲ ಪೂರ್ತಿ ಸಿಗುತ್ತದೆ. ಹೊಸ ಗ್ರಾಹಕರನ್ನು ಹುಡುಕುವ ಖರ್ಚಿಲ್ಲದೆ ಒಂದೇ ಮನೆಯಿಂದ ಎರಡು ಸೀಸನ್.

ಇದರ ಮುಂದಿನ ಮೆಟ್ಟಿಲು ಎಎಂಸಿ. ಮನೆಗಿಂತ ಸಣ್ಣ ವ್ಯಾಪಾರಗಳಿಗೆ ಇದನ್ನು ಮಾರುವುದು ಸುಲಭ. ಡೆಂಟಲ್ ಕ್ಲಿನಿಕ್, ಲ್ಯಾಬ್, ಔಷಧ ಅಂಗಡಿ, ಜಿಮ್, ಕೋಚಿಂಗ್ ಸೆಂಟರ್, ಸರ್ವರ್ ರೂಮ್ ಇರುವ ಆಫೀಸು. ಇವರಿಗೆ ಎಸಿ ನಿಂತರೆ ವ್ಯಾಪಾರ ನಿಲ್ಲುತ್ತದೆ. ಸರ್ವರ್ ರೂಮಿನ ಎಸಿ ಮಳೆಗಾಲದಲ್ಲೂ 24 ಗಂಟೆ ಓಡುತ್ತದೆ, ಜುಲೈನಲ್ಲೂ ನಿಮಗೆ ಕೆಲಸ ಇರುತ್ತದೆ. ಪಾರ್ಟ್ಸ್ ಸೇರಿದ ಎಎಂಸಿಯನ್ನು ಹಳೆಯ ಮಿಷನ್‌ಗೆ ಕೊಡಬೇಡಿ, ಒಂದು ಕಂಪ್ರೆಸರ್ ಹೋದರೆ ಹಲವು ಒಪ್ಪಂದಗಳ ಲಾಭ ಹೋಗುತ್ತದೆ. ಮತ್ತೆ, ಏಪ್ರಿಲ್‌ನಲ್ಲಿ 24 ಗಂಟೆಯೊಳಗೆ ತಲುಪಲು ಎಷ್ಟು ಮನೆ ಸಾಧ್ಯವೋ ಅಷ್ಟೇ ಎಎಂಸಿ ಮಾರಿ. ದುಡ್ಡು ಮುಂಚೆ ತಗೊಂಡು ಬಿಸಿಲಲ್ಲಿ ಕೈಕೊಟ್ಟರೆ ಆ ಹೆಸರು ಮತ್ತೆ ಸರಿಹೋಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಸಿಯ ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತದೆ. ಲೀಕ್ ಇಲ್ಲದೆ ಅದು ಖಾಲಿಯಾಗುವುದಿಲ್ಲ. ಆದರೂ ಪ್ರತಿ ಬೇಸಿಗೆಯಲ್ಲಿ ‘ಗ್ಯಾಸ್ ಕಮ್ಮಿ ಇದೆ’ ಅಂತ ಹೇಳಿ ಸಾವಿರಾರು ರೂಪಾಯಿ ತಗೊಳ್ಳುವ ಅಭ್ಯಾಸ ಈ ಕಸುಬಿಗೆ ಕೆಟ್ಟ ಹೆಸರು ತಂದಿದೆ. ಗೇಜ್ ಹಾಕಿ ಪ್ರೆಷರ್ ತೋರಿಸಿ, ಲೀಕ್ ಇದ್ದರೆ ಸೋಪಿನ ನೊರೆ ಹಾಕಿ ಗುಳ್ಳೆ ತೋರಿಸಿ, ಇಲ್ಲದಿದ್ದರೆ ಇಲ್ಲ ಅಂತ ಹೇಳಿ. ಇದನ್ನೇ ಕನ್ನಡದಲ್ಲಿ ಒಂದು ನಿಮಿಷದ ರೀಲ್ ಮಾಡಿ ಹಾಕಿದರೆ, ಯಾವ ಆಫರ್ ಪೋಸ್ಟರಿಗಿಂತ ಜಾಸ್ತಿ ನಂಬಿಕೆ ಹುಟ್ಟುತ್ತದೆ. ರೀಲ್ ನೋಡಿ ಕೂಡಲೇ ಫೋನ್ ಬರುವುದಿಲ್ಲ. ಗೂಗಲ್‌ನಲ್ಲಿ ನಿಮ್ಮ ಹೆಸರು ಕಂಡಾಗ, ‘ಇವರನ್ನು ನೋಡಿದ್ದೇನೆ’ ಅನ್ನಿಸುತ್ತದೆ.

ಅಪಾರ್ಟ್‌ಮೆಂಟ್, ಬಿಲ್ಡರ್, ಸರ್ಕಾರ

ಅಪಾರ್ಟ್‌ಮೆಂಟ್‌ಗೆ ಪಾಂಪ್ಲೆಟ್ ಹಂಚುವುದಕ್ಕಿಂತ ಅಸೋಸಿಯೇಷನ್ ಜೊತೆ ಮಾತಾಡಿ ಒಂದು ಶನಿವಾರ ಒಂದು ಟವರ್ ಅಂತ ಗೊತ್ತುಮಾಡಿಕೊಳ್ಳಿ. ಜೆಟ್ ಪಂಪ್, ಏಣಿ, ಹುಡುಗರು ಎಲ್ಲ ಒಮ್ಮೆ ಬಂದರೆ ಸಾಕು. ಓಡಾಟ ಉಳಿದ ದುಡ್ಡಲ್ಲಿ ರೇಟು ಕಮ್ಮಿ ಮಾಡಬಹುದು. ಒಂದು ಮನೆಯಲ್ಲಿ ಕೆಲಸ ಚೆನ್ನಾಗಿದ್ದರೆ ನಿವಾಸಿಗಳ ಗ್ರೂಪಿನಲ್ಲಿ ಸುದ್ದಿ ಮಧ್ಯಾಹ್ನಕ್ಕೇ ಹರಡುತ್ತದೆ. ಕೆಟ್ಟರೂ ಅಷ್ಟೇ ಬೇಗ.

ಕರೆಂಟ್ ಕಂಬ, ಕಾಂಪೌಂಡ್ ಗೋಡೆಗೆ ಸ್ಟಿಕ್ಕರ್ ಅಂಟಿಸುವುದು ಬೇಡವೇ ಬೇಡ. ಸಾರ್ವಜನಿಕ ಜಾಗ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ನಿಮ್ಮ ನಂಬರ್ ಅದರ ಮೇಲೇ ಇರುತ್ತದೆ, ಹುಡುಕುವುದು ಕಷ್ಟವಲ್ಲ. ಅಂಗಡಿ ಬೋರ್ಡಿನಲ್ಲಿ 60% ಕನ್ನಡ ಇರಬೇಕು ಅನ್ನುವ ನಿಯಮವನ್ನು 2024ರಲ್ಲಿ ಕಾನೂನಿಗೆ ಸೇರಿಸಲಾಗಿದೆ. ಹೊಸ ಬೋರ್ಡ್ ಮಾಡಿಸುವವರು ನೆನಪಿಡಿ.

ಬಿಲ್ಡರ್, ಇಂಟೀರಿಯರ್ ಡಿಸೈನರ್ ಮೂಲಕ ಬರುವ ಕೆಲಸ ದೊಡ್ಡದು. ಫಾಲ್ಸ್ ಸೀಲಿಂಗ್ ಹಾಕುವ ಮೊದಲೇ ಕಾಪರ್ ಪೈಪು, ಡ್ರೈನ್ ಲೈನ್ ಎಳೆಯಬೇಕು, ಆದ್ದರಿಂದ ಸೀಸನ್ ನೋಡದೆ ಕೆಲಸ ಬರುತ್ತದೆ. ಮಳೆಗಾಲದ ಹೊಟ್ಟೆ ತುಂಬಿಸುವುದು ಇದೇ. ತೊಂದರೆ ಇರುವುದು ಪೇಮೆಂಟ್‌ನಲ್ಲಿ. ಬಿಲ್ಲಿನ ಒಂದು ಭಾಗವನ್ನು ರಿಟೆನ್ಷನ್ ಅಂತ ತಿಂಗಳುಗಟ್ಟಲೆ ಹಿಡಿದಿಡುತ್ತಾರೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ಯಮಗಳ ರಕ್ಷಣೆಗಿರುವ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಅವಕ್ಕೆ ಕೊಡಬೇಕಾದ ದುಡ್ಡನ್ನು, ಒಪ್ಪಂದದಲ್ಲಿ ಹೆಚ್ಚು ಗಡುವು ಬರೆದಿದ್ದರೂ, 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಕೊಟೇಷನ್ನಿನಲ್ಲೇ ಉದ್ಯಮ್ ನಂಬರ್ ಹಾಕಿ. ಜಗಳಕ್ಕೆ ಹೋಗದಿದ್ದರೂ ಎದುರಿನವರಿಗೆ ಗೊತ್ತಿರುತ್ತದೆ.

ಸರ್ಕಾರಿ ಕಚೇರಿಗಳ ಎಸಿ ಕೆಲಸಕ್ಕೆ ಆನ್‌ಲೈನ್ ಖರೀದಿ ಪೋರ್ಟಲ್‌ಗಳಿವೆ: ಕೇಂದ್ರದ್ದು 2016ರಲ್ಲಿ ಶುರುವಾದ ಜೆಮ್, ರಾಜ್ಯದ್ದು ಕೆಪಿಪಿಪಿ. ಕಾಗದ ಪತ್ರ ನೋಡಿಕೊಳ್ಳುವವರೊಬ್ಬರು ಇದ್ದರೆ ಹೋಗಿ, ಇಲ್ಲದಿದ್ದರೆ ಸದ್ಯಕ್ಕೆ ಬಿಡಿ.

ಊರು ನೋಡಿ ಆಯ್ಕೆ

ಬೆಂಗಳೂರಿನಲ್ಲಿ ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: ಗೂಗಲ್ ಪ್ರೊಫೈಲ್, ಗ್ರಾಹಕರ ಪಟ್ಟಿ, ಎರಡು ಮೂರು ಅಪಾರ್ಟ್‌ಮೆಂಟ್. ಮೊದಲ ವರ್ಷ ಇಷ್ಟೇ. ಜಾಹೀರಾತು ಹಾಕುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹಾಕಿ, ಏಪ್ರಿಲ್ ಮಧ್ಯಕ್ಕೆ ನಿಲ್ಲಿಸಿ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಬಿಸಿಲು 40 ದಾಟುವುದು ಮಾಮೂಲು, ಬೇಸಿಗೆ ಉದ್ದ. ಅಲ್ಲಿ ಎಲೆಕ್ಟ್ರಾನಿಕ್ಸ್ ಶೋರೂಮಿನವರ ಜೊತೆ ಇನ್‌ಸ್ಟಲೇಷನ್ ಒಪ್ಪಂದ ಮಾಡಿಕೊಳ್ಳುವುದು ಆನ್‌ಲೈನ್ ಲೀಡ್‌ಗಿಂತ ಮೇಲು. 2025ರ ಸೆಪ್ಟೆಂಬರ್ 22ರಿಂದ ಎಸಿಯ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಿದೆ. ಮಿಷನ್ ಮಾರುವುದರಲ್ಲಿ ಶೋರೂಮ್, ಆನ್‌ಲೈನ್ ಅಂಗಡಿಗಳ ಜೊತೆ ರೇಟಿಗೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಎಲ್ಲಿ ಕೊಂಡರೂ ಕೂರಿಸುವವರು, ನೋಡಿಕೊಳ್ಳುವವರು ಬೇಕೇ ಬೇಕು.

ಮಂಗಳೂರು, ಉಡುಪಿ, ಕಾರವಾರದಲ್ಲಿ ಸೆಕೆ ಜಾಸ್ತಿ, ಎಸಿ ಓಡುವ ತಿಂಗಳೂ ಜಾಸ್ತಿ. ಉಪ್ಪುಗಾಳಿ ಔಟ್‌ಡೋರ್ ಕಾಯಿಲನ್ನು ಬೇಗ ತಿನ್ನುತ್ತದೆ. ಅಲ್ಲಿ ಎಎಂಸಿ ಮಾರಲು ಆ ತುಕ್ಕು ಹಿಡಿದ ಕಾಯಿಲಿನ ಫೋಟೋ ಒಂದೇ ಸಾಕು. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಿಗೆ ಬೇಕಾಗಿರುವುದು ಬಿಸಿನೀರು. ಸುತ್ತಲಿನ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ. ಮಾಲೀಕರ ಹತ್ತಿರ ಕೂತು ಅವರದೇ ಕರೆಂಟ್ ಬಿಲ್ ಇಟ್ಟುಕೊಂಡು ಲೆಕ್ಕ ತೋರಿಸಿ. ಒಂದು ಹೋಮ್‌ಸ್ಟೇಯಲ್ಲಿ ಚೆನ್ನಾಗಿ ಓಡಿದರೆ ಪಕ್ಕದ ಎಸ್ಟೇಟಿನವರು ತಾವೇ ಬಂದು ನೋಡುತ್ತಾರೆ.

ಯಾವ ಪ್ಯಾಕೇಜಿಗೆ ಸಹಿ ಹಾಕುವ ಮೊದಲೂ ಮೂರು ವಿಷಯ ಬರಹದಲ್ಲಿ ತಗೊಳ್ಳಿ: ಒಂದು ಲೀಡ್ ಎಷ್ಟು ಜನರಿಗೆ ಹೋಗುತ್ತದೆ, ಬ್ಯಾಂಕಿನಿಂದ ತಾನಾಗಿ ದುಡ್ಡು ಕಡಿತವಾಗುವ ಮ್ಯಾಂಡೇಟ್ ಎಷ್ಟು ತಿಂಗಳಿಗೆ, ನಡುವೆ ನಿಲ್ಲಿಸಬೇಕಾದರೆ ಏನು ಮಾಡಬೇಕು. ಸೇಲ್ಸ್‌ನವರು ಬಾಯಲ್ಲಿ ಹೇಳಿದ್ದು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ. ಫೋನ್ ಮಾಡಿದ ಪ್ರತಿಯೊಬ್ಬರನ್ನೂ ‘ನಮ್ಮ ನಂಬರ್ ಎಲ್ಲಿ ಸಿಕ್ಕಿತು’ ಅಂತ ಕೇಳಿ ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಮೂರು ತಿಂಗಳ ನಂತರ ಆ ಪುಟಗಳನ್ನು ನೋಡಿ, ಕೆಲಸ ತಂದ ದಾರಿಗೆ ದುಡ್ಡು ಮುಂದುವರಿಸಿ, ತರದ್ದರ ಮ್ಯಾಂಡೇಟನ್ನು ಬ್ಯಾಂಕಿಗೆ ಹೇಳಿ ರದ್ದು ಮಾಡಿಸಿ.